ಟೇಪುಮಾವ ಸೈಕಲ್ಲಿಗೆ ಅಳತೆ ಕೊಟ್ಟದ್ದು

ಟೇಪುಮಾವನ ಕೊರಳನ್ನು ಬರಿದಾಗಿ ಕಂಡವಳು ಅವನ ಹೆಂಡತಿ ಒಬ್ಬಳೇ. ಸ್ನಾನಕ್ಕೆ ಹೋಗುವಾಗ ಮಾತ್ರ ಅಳತೆಯ ಟೇಪು ಬಚ್ಚಲುಮನೆಯ ಮೊಳೆಗೆ ಹೋಗುತ್ತಿತ್ತು. ಮಿಕ್ಕಂತೆ ಮದುವೆಗೆ ಹೋದರೂ ಸಾವಿನ ಮನೆಗೆ ಹೋದರೂ ಆ ಹಳದಿ ಟೇಪು ಅವನ ಎದೆಯ ಮೇಲೆ ನೇತಾಡುತ್ತಲೇ ಇರುತ್ತಿತ್ತು. ಎದುರಿಗೆ ಸಿಕ್ಕವರ ಮುಖಕ್ಕಿಂತ ಮೊದಲು ಭುಜ ನೋಡುವ ಆಸಾಮಿ ಅವನು. "ಎಡಗಡೆ ಅರ್ಧ ಇಂಚು ಇಳಿದಿದೆ, ಚೀಲ ಬಲಗೈಗೆ ಬದಲಾಯಿಸು" ಎಂದು ಬುದ್ಧಿ ಹೇಳಿ, ಆಮೇಲೆ ಕ್ಷೇಮ ಸಮಾಚಾರ ಕೇಳುತ್ತಿದ್ದ.

ಅಳತೆ ಕೊಡುವಾಗ ನಿಜ ಹೇಳುವ ಮನುಷ್ಯನನ್ನು ದರ್ಜಿಯಾದ ಮೇಲೆ ಅವನು ಒಬ್ಬನನ್ನೂ ನೋಡಿರಲಿಲ್ಲ. ಟೇಪು ಸೊಂಟಕ್ಕೆ ಬಂದದ್ದೇ ತಡ, ಎಂಥ ಸಂಭಾವಿತನೂ ಉಸಿರೆಳೆದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡುಬಿಡುತ್ತಿದ್ದ. ಮಾವ ಏನೂ ಕಾಣದವನಂತೆ ಆ ಸುಳ್ಳು ಅಳತೆಯನ್ನೇ ಅಂಗಡಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವಾಗ ಮಾತ್ರ ಸದ್ದಿಲ್ಲದೆ ಎರಡು ಬೆರಳು ಸಡಿಲ ಬಿಡುತ್ತಿದ್ದ. ಗಿರಾಕಿ ಬಂದು ತೊಟ್ಟು ನೋಡಿ, ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿ, "ನೋಡಿದ್ರಾ, ನಾನು ಇನ್ನೂ ಹಾಗೇ ಇದೀನಿ" ಎಂದು ಬೀಗುತ್ತಾ ಹೋಗುತ್ತಿದ್ದ. ಈ ಎರಡು ಬೆರಳಿನ ವಿಷಯವನ್ನು ಮಾವ ಯಾರ ಮುಂದೆಯೂ ಬಾಯಿಬಿಟ್ಟವನಲ್ಲ.

ಈ ಸಡಿಲದ ಲಾಭ ಎಲ್ಲರಿಗಿಂತ ಹೆಚ್ಚು ಸಿಕ್ಕಿದ್ದು ಗುಂಡನಿಗೆ. ಗುಂಡ ಸೈಕಲ್ ಅಂಗಡಿಯವನು, ಸೇತುವೆಯ ಆಚೆ ಮಾವನ ಅಂಗಡಿಯ ಪಕ್ಕದಲ್ಲೇ ಅವನ ಅಂಗಡಿ. ಅವನ ಸೊಂಟ ಎಂದೋ ಮೂವತ್ತಾರು ದಾಟಿ, ಹಿಂದೆ ತಿರುಗಿ ನೋಡದೆ ಮುಂದೆ ಹೋಗಿತ್ತು. ಮಾವ ಮಾತ್ರ ವರ್ಷಾ ವರ್ಷಾ "ಮೂವತ್ತಾರು!" ಎಂದೇ ಕೂಗುತ್ತಿದ್ದ. ಅವನ ಪಾಲಿಗೆ ಎರಡು ಬೆರಳು ಹೋಗಿ ಅಂಗೈ ಅಗಲವೇ ಆಗಿತ್ತು.

ಹೀಗೆ ಊರಿನವರ ಮೈಯನ್ನೆಲ್ಲ ಬಲ್ಲ ಮಾವನಿಗೆ ತನ್ನ ಮೈ ಮಾತ್ರ ಕೈಕೊಟ್ಟಿತು. ಮೊದಲು ಎಡ ಮೊಣಕಾಲು, ಅದನ್ನು ನೋಡಿ ಹೊಟ್ಟೆಕಿಚ್ಚುಪಟ್ಟಂತೆ ಬಲ ಮೊಣಕಾಲು, ಕೊನೆಗೆ ಬೆರಳಿನ ಗೆಣ್ಣುಗಳು. ಡಾಕ್ಟರು ಒತ್ತಿ ನೋಡಿ ಸಂಧಿವಾತ ಎಂದರು. "ಕೀಲು ಸವೆದಿದೆ. ತುಂಬಾ ನಡೆದ್ರೆ ಭಾರ ಎಲ್ಲಾ ಮೊಣಕಾಲ ಮೇಲೆ ಬೀಳುತ್ತೆ, ಸುಮ್ನೆ ಕೂತ್ರೆ ಬಿಗಿಯಾಗುತ್ತೆ. ಸೈಕಲ್ ತುಳೀರಿ, ಒಳ್ಳೇದು. ಆದ್ರೆ ನಿಮ್ಮ ಮೈಗೆ ಹಿಡಿಸೋ ಸೈಕಲ್ ಆಗಿರಬೇಕು" ಎಂದರು. ಮಾವ ಮೊದಲರ್ಧ ಕೇಳಿಸಿಕೊಂಡು, ಕೊನೆಯ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಎದ್ದು ಬಂದ.

ಅವನ ಹಳೆಯ ಸೈಕಲ್ಲು ಕುದುರೆ ಎತ್ತರದ್ದು, ಸೀಟಿನಿಂದ ಹ್ಯಾಂಡಲ್ಲಿಗೆ ಅಡ್ಡಕ್ಕೆ ದಪ್ಪ ಕಂಬಿ. ಒಂದು ಬೆಳಿಗ್ಗೆ ಮನೆ ಮುಂದೆ ಕಾಲೆತ್ತಿ ಹತ್ತಲು ಹೋದಾಗ ಕಾಲು ಕಂಬಿಯ ಮೇಲೆಯೇ ಉಳಿದು, ಮಿಕ್ಕ ಮಾವ ಪಕ್ಕದ ಮನೆಯ ಹೂಕುಂಡಗಳ ನಡುವೆ ಹೋಗಿ ಕೂತ. ಅವನ ಹೆಂಡತಿಯನ್ನು ಬೀದಿಯವರೆಲ್ಲ ಅತ್ತೆ ಎಂದೇ ಕರೆಯುತ್ತಿದ್ದರು. ಅತ್ತೆ ಓಡಿ ಬಂದು, ಮೂಳೆ ಮುರಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಬಾಯಿಗೆ ಬಂದಂತೆ ಬೈದಳು.

"ಇನ್ನು ಸಾಕು. ಮಿಷನ್ನು ಹಿಂದಿನ ಕೋಣೆಗೆ ಬರಲಿ. ಮನೇಲೇ ಕೂತು ಹೊಲೀರಿ."

ಹಿಂದಿನ ಕೋಣೆಯೆಂದರೆ ಮುರಿದ ಕುರ್ಚಿ, ಹಳೇ ಹಾಸಿಗೆ, ತೆರೆದರೆ ಪಕ್ಕದ ಮನೆಯ ಗೋಡೆ ಕಾಣುವ ಒಂದು ಕಿಟಕಿ. ಅಂಗಡಿಯಲ್ಲಾದರೆ ಬೀದಿಗೆ ಬೀದಿಯೇ ಎದುರಿಗಿತ್ತು. ಯಾರು ದಪ್ಪಗಾದರು, ಯಾರು ಸೊರಗಿದರು, ಯಾರ ಕೋಟು ಯಾರ ಮೈಮೇಲೆ ಓಡಾಡುತ್ತಿದೆ, ಎಲ್ಲವೂ ಕೂತಲ್ಲೇ ಗೊತ್ತಾಗುತ್ತಿತ್ತು. ಅದು ತಪ್ಪಿದರೆ ತಾನು ಬದುಕಿದ್ದೂ ಸತ್ತ ಹಾಗೇ ಎಂದು ಅವನಿಗೆ ಅನ್ನಿಸಿತು.

"ಹೊಸ ಸೈಕಲ್ ತಗೋತೀನಿ" ಎಂದ.

"ಸರಿ. ಈ ತಿಂಗಳು ನೋಡ್ತೀನಿ. ಒಂದ್ಸಲ ಬಿದ್ರೂ, ಒಂದ್ಸಲ ಅಮ್ಮಾ ಅಂದ್ರೂ ಅಂಗಡಿಗೆ ಬೀಗ" ಎಂದಳು ಅತ್ತೆ. ಸಾಲದ್ದಕ್ಕೆ ಸೈಕಲ್ ಆರಿಸಲು ತಾನೂ ಜೊತೆಗೆ ಹೊರಟಳು.

ಗುಂಡ ಇಬ್ಬರನ್ನೂ ಕೂರಿಸಿ, ನಡುವೆ ಕಂಬಿಯೇ ಇಲ್ಲದೆ ಕೆಳಗೆ ಬಾಗಿದ್ದ ಸೈಕಲ್ಲೊಂದನ್ನು ತಂದು ನಿಲ್ಲಿಸಿದ. "ಮಾವ, ಇದಕ್ಕೆ ಕಾಲು ಎತ್ತೋದೇ ಬೇಡ. ಹೊಸಿಲು ದಾಟಿದ ಹಾಗೆ ದಾಟಿಬಿಡಿ. ಹ್ಯಾಂಡಲ್ ಎತ್ತರ ಇದೆ, ಮಣಿಕಟ್ಟಿನ ಮೇಲೆ ಭಾರ ಬೀಳಲ್ಲ."

ಮಾವ ಅದನ್ನು ಒಮ್ಮೆ ನೋಡಿದ, ಅತ್ತೆಯನ್ನು ಒಮ್ಮೆ ನೋಡಿದ. ಇದು ಬೇಕು ಅಂದರೆ ಕಾಲು ಏಳುವುದಿಲ್ಲ ಅಂತ ತಾನೇ ಒಪ್ಪಿಕೊಂಡ ಹಾಗೆ. ಹಿಂದಿನ ಕೋಣೆಯ ಕಿಟಕಿ ಕಣ್ಮುಂದೆ ಬಂತು.

"ಇದೇನು ಮುದುಕರ ಗಾಡಿ ತೋರಿಸ್ತಿದ್ದೀಯಾ?"

"ಹಾಗಾದ್ರೆ ಅಳತೆ ನೋಡೋಣ. ಸ್ಟೂಲ್ ಮೇಲೆ ಕೂತು ಎಡಗಾಲು ಮೇಲೆತ್ತಿ. ಎಷ್ಟು ಮಡಚುತ್ತೆ ನೋಡ್ತೀನಿ. ಕಮ್ಮಿ ಆದ್ರೆ ಪೆಡಲ್ ಹಿಡ್ಕೊಂಡಿರೋ ಸರಳನ್ನ ಗಿಡ್ಡ ಹಾಕ್ತೀನಿ, ಆಗ ಮೊಣಕಾಲು ಅಷ್ಟು ಮೇಲೆ ಬರಬೇಕಾಗಿಲ್ಲ."

ಮಾವ ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ, ಮೊಣಕಾಲನ್ನು ಎದೆಯವರೆಗೆ ತಂದ. ಕಣ್ಣಿಗೆ ಕತ್ತಲೆ ಬಂತು, ಮೀಸೆ ನಡುಗಿತು, ಮುಖದ ಮೇಲಿನ ನಗು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಗುಂಡ ಬ್ರೇಕಿನ ಹಿಡಿ ಕೊಟ್ಟರೆ ಅದನ್ನೂ ನಿಂಬೆಹಣ್ಣು ಹಿಂಡಿದಂತೆ ಹಿಂಡಿ ತೋರಿಸಿದ.

"ನೋವಾಯ್ತಾ ಮಾವ?"

"ನೋವಾ? ಯಾರಿಗೆ?"

ಗುಂಡ ಸ್ವಲ್ಪ ಹೊತ್ತು ಅವನ ಮೀಸೆಯನ್ನೇ ನೋಡಿದ. "ಸರಿ, ನೀವು ಹೇಳಿದ ಹಾಗೇ" ಎಂದು ಗೋಡೆಗೆ ಒರಗಿದ್ದ ಎತ್ತರದ ಸೈಕಲ್ಲನ್ನೇ ಇಳಿಸಿದ. ಕೊಡುವಾಗ, "ಇದು ಟ್ರಯಲ್ ಅಂದ್ಕೊಳ್ಳಿ. ಹಿಡಿಸಲಿಲ್ಲ ಅಂದ್ರೆ ಬನ್ನಿ" ಎಂದ. ಟ್ರಯಲ್ ಎಂಬ ದರ್ಜಿಯ ಮಾತನ್ನು ದರ್ಜಿಯಾದ ತನಗೇ ಹೇಳುತ್ತಾನಲ್ಲ ಎಂದು ಮಾವನಿಗೆ ಮೈಯೆಲ್ಲ ಉರಿಯಿತು.

ಆಮೇಲಿನ ದಿನಗಳನ್ನು ಬೀದಿಯವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಮಾವ ಮನೆಯಿಂದ ಸೈಕಲ್ಲನ್ನು ತಳ್ಳಿಕೊಂಡು, ಅತ್ತೆ ಒಳಗೆ ಹೋಗುವವರೆಗೆ ಗಂಟೆ ಒರೆಸುತ್ತಾ ನಿಲ್ಲುತ್ತಿದ್ದ. ಆಮೇಲೆ ಮೂಲೆಯ ಬೇಕರಿಯ ಮೆಟ್ಟಿಲೇರಿ, ಅಲ್ಲಿಂದ ಸೈಕಲ್ಲಿನ ಮೇಲೆ ಇಳಿಯುತ್ತಿದ್ದ. ಹತ್ತುವುದಕ್ಕೆ ಬೇಕರಿ ಇದ್ದಂತೆ ಇಳಿಯುವುದಕ್ಕೆ ಅಂಗಡಿಯ ಮುಂದಿನ ದೀಪದ ಕಂಬ. ಅದನ್ನು ತಬ್ಬಿಕೊಂಡರೆ ಸೈಕಲ್ಲು ತಾನಾಗಿ ಕೆಳಗಿನಿಂದ ಜಾರಿಕೊಳ್ಳುತ್ತಿತ್ತು.

ಚಳಿ ಜಾಸ್ತಿ ಇದ್ದ ಒಂದು ಬೆಳಿಗ್ಗೆ ಬೆರಳು ಸುತರಾಂ ಮಡಚಲಿಲ್ಲ. ಸೇತುವೆ ಇಳಿದ ಸೈಕಲ್ಲಿಗೆ ಬ್ರೇಕು ಬೀಳಲಿಲ್ಲ, ಕಂಬವೂ ಕೈಗೆ ಸಿಗಲಿಲ್ಲ. ಬಾಗಿಲಲ್ಲಿ ಕಾಯುತ್ತಿದ್ದ ಗಿರಾಕಿಗಳ ಮುಂದೆಯೇ ಮಾವ ಗಾಂಭೀರ್ಯದಿಂದ ಹಾದುಹೋದ.

"ಮಾವ, ಎಲ್ಲಿಗೆ?"

"ಈಗ ಬಂದೆ!"

ಬೀದಿ ಸುತ್ತಿ ಮತ್ತೆ ಬಂದ, ಮತ್ತೆ ಹಾದುಹೋದ. ಎರಡನೇ ಸಲವೂ "ಈಗ ಬಂದೆ" ಎಂದೇ ಕೈ ಬೀಸಿದ. ಮೂರನೇ ಸುತ್ತಿಗೆ ಗುಂಡ ತನ್ನ ಅಂಗಡಿಯಿಂದ ಹೊರಬಂದು, ಬೀದಿಯ ನಡುವೆ ಹೊಟ್ಟೆ ಕೊಟ್ಟು ನಿಂತ. ಸೈಕಲ್ಲು ಮೆತ್ತಗೆ ಬಂದು ಅದಕ್ಕೆ ಒರಗಿ ನಿಂತಿತು. ಜನ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

"ಹೊಸ ಸೈಕಲ್, ಓಡ್ತಾನೇ ಇರೋಣ ಅನ್ಸುತ್ತೆ" ಎಂದ ಮಾವ.

ಅದೇ ದಿನ ಮಧ್ಯಾಹ್ನ ಗುಂಡ ಹೊಸ ಪ್ಯಾಂಟಿನ ಬಟ್ಟೆ ತಂದ. ಮಾವ ಟೇಪು ಹಾಕಿದ, ಗುಂಡ ಉಸಿರೆಳೆದ, ಹೊಟ್ಟೆ ಎಲ್ಲಿ ಮಾಯವಾಯಿತೋ ಆ ದೇವರಿಗೇ ಗೊತ್ತು. ಮಾವ ಸೀಮೆಸುಣ್ಣ ಹಿಡಿದು ಬಟ್ಟೆಯ ಮೇಲೆ ಬಗ್ಗಿದ. ಅಭ್ಯಾಸಬಲದಿಂದ ಬೆರಳುಗಳು ತಾವಾಗಿ ಸಡಿಲ ಬಿಡಲು ಹೋದವು, ಅಷ್ಟರಲ್ಲಿ ನಿಂತವು. ಅವನು ತಲೆಯೆತ್ತಿ ಗುಂಡನ ಮುಖ ನೋಡಿದ. ಕೆಂಪೇರಿದ ಕೆನ್ನೆ, ಬಿಗಿಹಿಡಿದ ಉಸಿರು, ಏನೂ ಆಗಿಲ್ಲವೆಂಬ ನಗು. ಸ್ಟೂಲಿನ ಮೇಲೆ ಕೂತು ಮೊಣಕಾಲೆತ್ತಿದ ತನ್ನ ಮುಖವೂ ಹೀಗೇ ಇತ್ತು ಎಂದು ಅವನಿಗೆ ಹೊಳೆಯಿತು.

"ಉಸಿರು ಬಿಡೋ" ಎಂದು ಸೀಮೆಸುಣ್ಣ ಕೆಳಗಿಟ್ಟ. "ನಿನ್ನ ಅಂಗಡಿಗೆ ನಡಿ."

ಅಲ್ಲಿ ಮಾವ ಅದೇ ಸ್ಟೂಲಿನ ಮೇಲೆ ಕೂತು ಎಡಗಾಲೆತ್ತಿದ. ನೋವು ಶುರುವಾದ ಕಡೆ ನಿಲ್ಲಿಸಿದ. ಅದು ನೆಲದಿಂದ ಹೆಚ್ಚೇನೂ ಮೇಲಿರಲಿಲ್ಲ.

"ಇಷ್ಟೇ ಕಣೋ ಏಳೋದು. ಬೆಳಗ್ಗೆ ಬೆರಳು ಮಡಚಲ್ಲ. ಕತ್ತರಿ ಹಿಡಿಯೋಕೂ ಬಿಸಿನೀರಲ್ಲಿ ಕೈ ಇಟ್ಕೊಂಡು ಕಾಯ್ಬೇಕು. ಅವತ್ತು ನಿಮ್ಮತ್ತೆ ಪಕ್ಕದಲ್ಲೇ ಕೂತಿದ್ಲು, ಹೇಗೆ ಹೇಳ್ಲಿ? ಅಂಗಡಿ ಬಿಟ್ಟು ನನ್ನ ಕೈಲಿ ಇರೋಕಾಗಲ್ಲ, ಗುಂಡಾ."

ಗುಂಡ ಮೂಲೆಗೆ ಹೋಗಿ, ಮುಚ್ಚಿದ್ದ ಹಳೇ ಚಾದರ ಎಳೆದ. ಒಳಗಿದ್ದದ್ದು ಅದೇ ಕಂಬಿಯಿಲ್ಲದ ಸೈಕಲ್ಲು. ಪೆಡಲಿನ ಸರಳು ಗಿಡ್ಡ, ಸೀಟು ಅಗಲ, ಹ್ಯಾಂಡಲ್ಲು ಎದೆಯ ಎತ್ತರಕ್ಕೆ. ಹಿಡಿಗಳಿಗೆ ಮೆತ್ತನೆಯ ಬಟ್ಟೆ ದಪ್ಪವಾಗಿ ಸುತ್ತಿತ್ತು. ಮಾವ ಬ್ರೇಕು ಮುಟ್ಟಿದ. ಎರಡೇ ಬೆರಳಿಗೆ ಚಕ್ರ ಗಪ್ಪನೆ ನಿಂತಿತು.

"ಇದನ್ನ ಯಾವಾಗ ಮಾಡ್ದೆ?"

"ನೀವು ಅಳತೆ ಕೊಟ್ರಲ್ಲ, ಅವತ್ತೇ ಶುರು ಮಾಡ್ದೆ. ನಿಮ್ಮ ಮೀಸೆ ನಡುಗಿದ್ದು ನನಗೆ ಕಾಣ್ಲಿಲ್ವಾ?"

"ಹಾಗಿದ್ರೆ ಅವತ್ತೇ ಯಾಕೋ ಹೇಳ್ಲಿಲ್ಲ?"

ಗುಂಡ ತನ್ನ ಹೊಟ್ಟೆ ತಟ್ಟಿಕೊಂಡ. "ವರ್ಷಾ ವರ್ಷಾ ಮೂವತ್ತಾರು ಅಂತ ಕೂಗ್ತೀರಲ್ಲ, ಇದು ಮೂವತ್ತಾರಲ್ಲ ಅಂತ ನೀವು ಯಾವತ್ತಾದ್ರೂ ಹೇಳಿದ್ದೀರಾ?"

ಮಾವ ಕೊರಳಿನ ಟೇಪನ್ನು ಸರಿಮಾಡಿಕೊಂಡ.

"ಒಂದ್ಸಲ ಅರ್ಜೆಂಟಿಗೆ ರೆಡಿಮೇಡ್ ಪ್ಯಾಂಟ್ ತರಿಸ್ದೆ ಮಾವ. ನಲವತ್ತರ ಅಳತೆಯದ್ದೇ ತೊಡೆ ದಾಟ್ಲಿಲ್ಲ. ಅವತ್ತು ಗೊತ್ತಾಯ್ತು ನನ್ನ ಮಾನ ಯಾರು ಕಾಪಾಡ್ತಿದ್ದಾರೆ ಅಂತ."

ಸಂಜೆ ಮಾವ ಕಂಬಿಯಿಲ್ಲದ ಸೈಕಲ್ಲಿನಲ್ಲಿ ಮನೆಗೆ ಹೋದ. ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಅವನು ಬ್ರೇಕು ಹಿಡಿದದ್ದನ್ನೂ, ಎರಡೂ ಕಾಲನ್ನು ನೆಲಕ್ಕೂರಿದ್ದನ್ನೂ, ಯಾವ ಕಂಬವನ್ನೂ ತಬ್ಬದೆ ಇಳಿದದ್ದನ್ನೂ ನೋಡಿದಳು. ಆಮೇಲೆ ಒಳಗೆ ಹೋದಳು. ಮಿಷನ್ನಿಗೆಂದು ತೆರವು ಮಾಡಿದ್ದ ಹಿಂದಿನ ಕೋಣೆಗೆ ಮುರಿದ ಕುರ್ಚಿಯನ್ನು ಮತ್ತೆ ಎಳೆದು ಹಾಕುವ ಸದ್ದು ಕೇಳಿಸಿತು. ಮಾವನಿಗೆ ಅದಕ್ಕಿಂತ ಇಂಪಾದ ಸಂಗೀತ ಬೇರೆ ಇರಲಿಲ್ಲ.

ಮರುದಿನ ಅರ್ಧಕ್ಕೆ ನಿಂತಿದ್ದ ಪ್ಯಾಂಟಿನ ಅಳತೆಗೆ ಗುಂಡ ಬಂದ. ಅಂಗಡಿಯಲ್ಲಿ ಇನ್ನೂ ನಾಲ್ಕಾರು ಜನ ಇದ್ದರು.

"ಇವತ್ತು ಉಸಿರು ಬಿಟ್ಟೇ ನಿಂತ್ಕೋತೀನಿ ಮಾವ. ನಮ್ಮಿಬ್ಬರ ನಡುವೆ ಇನ್ನೇನು ಮುಚ್ಚುಮರೆ?" ಎಂದು ಪಿಸುಗುಟ್ಟಿದ.

"ಎಳ್ಕೊಳೋ ಸುಮ್ನೆ" ಎಂದು ಮಾವ ಗದರಿಸಿದ. ಗುಂಡ ಉಸಿರೆಳೆದುಕೊಂಡ. ಮಾವ ಟೇಪು ಸುತ್ತಿ, ಕನ್ನಡಕ ಸರಿಮಾಡಿಕೊಂಡು, ಬೀದಿಯ ಆ ತುದಿಗೂ ಕೇಳುವಂತೆ ಕೂಗಿದ: "ಮೂವತ್ತಾರು!"