ನೀರಿಗೆ ಬಂದ ಜ್ವರ

ನನ್ನ ನಾದಿನಿಯನ್ನು ಹಂದಿ ಸಾಕುವವರೆಲ್ಲ ಹಗ್ಗದಕ್ಕ ಎಂದೇ ಕರೆಯುವುದು. ಪಶುರೋಗದ ಪ್ರಯೋಗಾಲಯದಲ್ಲಿ ಅವಳ ಕೆಲಸ. ರಕ್ತ ತೆಗೆಯಹೋದರೆ ಹಂದಿ ಕೇರಿಯೇ ಹಾರಿಹೋಗುವ ಹಾಗೆ ಕಿರುಚುತ್ತದೆ. ಅದಕ್ಕೆ ಇವಳು ದೊಡ್ಡಿಯಲ್ಲಿ ಹತ್ತಿಯ ಹಗ್ಗ ಇಳಿಬಿಟ್ಟು ಸುಮ್ಮನೆ ನಿಲ್ಲುತ್ತಾಳೆ. ಹಂದಿಗಳು ತಾವಾಗಿ ಬಂದು ಅಗಿಯುತ್ತವೆ. ಹಗ್ಗ ಹಿಂಡಿದರೆ ಜೊಲ್ಲು. ಜೊಲ್ಲಿನಲ್ಲಿ ವೈರಸ್ ಇದ್ದರೆ ಯಂತ್ರ ಹೇಳುತ್ತದೆ. ಹಲ್ಲು ಬರುತ್ತಿರುವ ನನ್ನ ಮಗಳು ಹೊದಿಕೆಯ ತುದಿ ಅಗಿಯುವಾಗಲೆಲ್ಲ, ಇವಳದ್ದೂ ಒಂದು ಸ್ಯಾಂಪಲ್ ಕೊಡು ಎಂದು ನಾದಿನಿ ನನ್ನನ್ನು ಕಾಡುತ್ತಾಳೆ.

ಹೋದ ವಾರ ಒಬ್ಬ ಹೆಂಗಸಿನ ದೊಡ್ಡಿಯಲ್ಲಿ ಮರಿಗಳು ಜ್ವರ ಬಂದು ಸತ್ತವು. ಅದು ಮದ್ದಿಲ್ಲದ ಹಂದಿಜ್ವರವೆಂದು ಖಚಿತವಾದರೆ ರೋಗ ಹರಡದ ಹಾಗೆ ಉಳಿದ ಹಂದಿಗಳನ್ನೆಲ್ಲ ಕೊಲ್ಲಲೇಬೇಕು, ದಿನ ತುಂಬಿದ ಗಬ್ಬದ ಹಂದಿಯನ್ನೂ. ಪರೀಕ್ಷೆಯ ದಿನ ಆಕೆ ಪ್ರಯೋಗಾಲಯದ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲವಂತೆ.

ಒಳಗೆ ಯಂತ್ರದ ಪರದೆಯ ಮೇಲೆ ಆಕೆಯ ದೊಡ್ಡಿಯ ಜೊಲ್ಲಿನ ಗೆರೆ ಏರಿತು. ಏರಿದರೆ ರೋಗ ಇದೆ ಎಂದೇ ಲೆಕ್ಕ. ಪ್ರಯೋಗಾಲಯದ ಸಾಹೇಬರು ಹಂದಿ ಕೊಲ್ಲುವವರನ್ನು ಕರೆಸಲು ಫೋನ್ ಎತ್ತಿಕೊಂಡರು. ಅಷ್ಟರಲ್ಲಿ ನಾದಿನಿಯ ಕಣ್ಣು ನೀರಿನ ಕೊಳವೆಯ ಗೆರೆಯ ಮೇಲೆ ಬಿತ್ತು. ಪ್ರತಿ ಪರೀಕ್ಷೆಯಲ್ಲೂ ಒಂದು ಕೊಳವೆಗೆ ಬರೀ ನೀರು ಹಾಕಿಡುವುದು ಅಲ್ಲಿನ ರೂಢಿ. ಅದರ ಗೆರೆ ಮಲಗಿಯೇ ಇರಬೇಕು. ಅದೂ ಎದ್ದು ಕೂತಿತ್ತು. ಹೋಲಿಸಿ ನೋಡಲೆಂದು ಇಟ್ಟ ರೋಗದ ಮಾದರಿಯನ್ನು ಮುಟ್ಟಿದ ಕೈಗವಸನ್ನು ಬದಲಿಸದೆ ಇವಳೇ ಮಿಕ್ಕದ್ದನ್ನೆಲ್ಲ ತುಂಬಿದ್ದಳು. ಅದೇ ಕೈ ತಾಗಿ ಜೊಲ್ಲಿನ ಶೀಶೆಯೂ ಕೆಟ್ಟಿತ್ತು. ತಪ್ಪು ನನ್ನದೇ ಎಂದಳು. ಸಾಹೇಬರು ಚೆನ್ನಾಗಿಯೇ ಬೈದರು, ಆದರೆ ಫೋನ್ ಕೆಳಗಿಟ್ಟರು.

ನಾದಿನಿ ಬೆಂಚಿನ ಹತ್ತಿರ ಹೋಗಿ, "ಇವತ್ತು ಏನೂ ಹೇಳೋಕಾಗಲ್ಲಮ್ಮ. ನನ್ನ ಕೈಯಿಂದ ನಮ್ಮ ನೀರಿಗೇ ಜ್ವರ ಬಂದಿದೆ. ಮತ್ತೆ ಹಗ್ಗ ಕಟ್ಬೇಕು," ಎಂದಳಂತೆ.

"ಕಟ್ಟಮ್ಮ," ಎಂದಳು ಆಕೆ. "ಇನ್ನೊಂದು ದಿನ ಬದುಕಿರ್ತಾವಲ್ಲ."

ಪ್ರಯೋಗಾಲಯದಲ್ಲಿ ಹಗ್ಗ ಮುಗಿದಿತ್ತು. ನಾದಿನಿ ಏದುಸಿರು ಬಿಡುತ್ತ ಮನೆಗೆ ಬಂದಳು. ತೊಟ್ಟಿಲಿಗೆಂದು ತಂದ ಹೊಸ ಹತ್ತಿಹಗ್ಗ ಇನ್ನೂ ಸುತ್ತು ಬಿಚ್ಚದೆ ಇತ್ತು. ಕತ್ತರಿಯ ಸಮೇತ ಅವಳ ಕೈಗಿಟ್ಟೆ. ತೊಟ್ಟಿಲು ಕಟ್ಟಲಾಗದೆ ಹೆಗಲ ಮೇಲೆ ಮಗುವನ್ನು ಮಲಗಿಸಿಕೊಂಡು ಓಡಾಡಿ ನನ್ನ ಸೊಂಟ ಬಿದ್ದುಹೋಯಿತು, ಅದು ಬೇರೆ ಮಾತು.

ಮರುದಿನ ಕೈಗವಸು ಬದಲಿಸಿ ಬದಲಿಸಿ ಕೊಳವೆ ತುಂಬಿದಳಂತೆ. ರೋಗದ ಮಾದರಿಯ ಗೆರೆ ಮಾತ್ರ ಏರಿತು. ನೀರು ಮಲಗಿತ್ತು. ದೊಡ್ಡಿಯ ಜೊಲ್ಲೂ ಅದರ ಪಕ್ಕದಲ್ಲೇ ಮಲಗಿತ್ತು. ಮರಿಗಳನ್ನು ಕೊಂದದ್ದು ಬೇರೆ ಯಾವುದೋ ಜ್ವರ, ಮದ್ದಿರುವಂಥದ್ದು. ಸುದ್ದಿ ಕೇಳಿದ್ದೇ ಆ ಹೆಂಗಸು, ಹಂದಿ ಈಯುವ ಹೊತ್ತಾಯಿತೆಂದು ಎದ್ದು ಓಡಿದಳಂತೆ.

ಇವತ್ತು ನಾದಿನಿ ಹೊಸ ಹಗ್ಗ ತಂದು ತಾನೇ ತೊಟ್ಟಿಲು ಕಟ್ಟಿದಳು.

"ಗಟ್ಟಿ ಇದೆ ಅತ್ತಿಗೆ," ಎಂದಳು. "ಇವಳು ಅಗಿಯದ ಹಾಗೆ ನೋಡ್ಕೋ."

ಮಗಳು ಆಗಲೇ ತುದಿ ಬಾಯಿಗಿಟ್ಟುಕೊಂಡಿದ್ದಳು.