ಸ್ಪೀಕರಿನ ಹಿಂದಿನ ಕಂಬಳಿ

ಸಣ್ಣ ಕೋಣೆಗೆ ದೊಡ್ಡ ಸ್ಪೀಕರ್ ತರಬೇಕೆಂದಿರುವ ಗೆಳೆಯರು ಇದನ್ನು ಓದಿಕೊಳ್ಳಿ.

ರಾಯದುರ್ಗದ ನಮ್ಮ ಬಾಡಿಗೆ ಮನೆಯ ಕೋಣೆ ಎಷ್ಟು ಚಿಕ್ಕದೆಂದರೆ, ಹೊಸದಾಗಿ ತಂದ ಸೆಕೆಂಡ್ ಹ್ಯಾಂಡ್ ಹೋಂ ಥಿಯೇಟರಿನಲ್ಲಿ ಯಾರು ಮಾತಾಡಿದರೂ ಬಾವಿಯೊಳಗಿಂದ ಕೂಗಿದಂತೆ ಕೇಳುತ್ತಿತ್ತು. ಸದ್ದು ಹೀರಿಕೊಳ್ಳಲೆಂದು ಗೋಡೆಗೆ ಹಚ್ಚುವ ಫೋಮ್ ಸ್ಪೀಕರಿಗಿಂತ ದುಬಾರಿ. ಹಾಗಾಗಿ ಅಟ್ಟದ ಮೇಲಿದ್ದ ಕರಿ ಕಂಬಳಿಯನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ಮಾತು ಸ್ವಚ್ಛವಾಯಿತು.

ಇವತ್ತು ಮಧ್ಯಾಹ್ನ ಕಣೇಕಲ್ಲಿನಿಂದ ಕುರಿ ಸಾಕುವ ನಮ್ಮ ಸೋದರಮಾವ ಬಂದರು. ನಮ್ಮ ಮದುವೆಯಲ್ಲಿ ದೇವರ ಗದ್ದುಗೆಗೆಂದು ಆ ಕಂಬಳಿ ತಂದವರು ಅವರೇ. ಬಾಗಿಲಲ್ಲೇ ನಿಂತುಬಿಟ್ಟರು.

“ದೇವ್ರು ಕುಂತ ಕಂಬಳಿಗಿ ಮೊಳಿ ಹೊಡ್ದಿಯೇನಪ?”

“ಸೌಂಡ್ ಗೋಡಿಗಿ ಬಡದು ವಾಪಸ್ ಬರ್ತೈತ್ರಿ ಮಾವ, ಅದಕ್ಕ.”

“ಬಂದ್ರ ಬರ್ಲಿ. ಅದೇನ್ ಊಟ ಕೇಳ್ತೈತೇನು? ಕಂಬಳಿ ಇರೋದು ದೇವ್ರ ಕೆಳಗ, ಇಲ್ಲಾ ಮನುಷ್ಯಾನ ಮೈಮ್ಯಾಲ.”

“ನಾ ಅವತ್ತೇ ಬ್ಯಾಡ ಅಂದಿದ್ದೆ” ಎಂದಳು ಹೆಂಡತಿ. ಮೊಳೆ ಹಿಡಿದುಕೊಟ್ಟವಳು ಅವಳೇ.

ಮಾವ ತಾವೇ ಮೊಳೆ ಕಿತ್ತು, ಕಂಬಳಿ ಕೊಡವಿ ಹೊದ್ದುಕೊಂಡು, ಅದೇ ಗೋಡೆಗೆ ಒರಗಿ ಕೂತರು. ಅವರ ಸಿಟ್ಟು ಇಳಿಯಲೆಂದು ಸಿನಿಮಾ ಹಚ್ಚಿದೆ. ಮಾತು ಮೊದಲಿಗಿಂತ ಸ್ವಚ್ಛ. ಸಂಜೆ ಬಸ್ಸಿಗೆ ಹೊತ್ತಾಯಿತೆಂದು ಮಾವ ಕಂಬಳಿ ಸಮೇತ ಎದ್ದು ಹೊರಗೆ ಹೋದದ್ದೇ ತಡ, ಮತ್ತೆ ಅದೇ ಬಾವಿ.

ಓಡಿಹೋಗಿ ಕೈ ಹಿಡಿದೆ. “ಇನ್ನೊಂದೆರಡು ದಿನ ಇದ್ದು ಹೋಗ್ರಿ ಮಾವ.”

ಮಾವನ ಕಣ್ಣು ತುಂಬಿತು. ಇಷ್ಟು ಅಕ್ಕರೆಯ ಅಳಿಯ ಸುತ್ತ ಏಳು ಊರಲ್ಲಿ ಇಲ್ಲ ಎಂದು ಈಗ ಫೋನಿನಲ್ಲಿ ನೆಂಟರಿಗೆಲ್ಲ ಹೇಳುತ್ತಿದ್ದಾರೆ, ನಾನು ತೋರಿಸಿದ ಜಾಗದಲ್ಲೇ ಕೂತುಕೊಂಡು.