ಮೀನಿನ ಪರವಾಗಿ ಅವ್ವ

ಗೆಳೆಯರೇ, ರಜೆಗೆ ಮನೆಮಂದಿಯೆಲ್ಲ ಎಲ್ಲಿ ಟೆಂಟ್ ಹಾಕುವುದೆಂಬ ಮಾತು ಇವತ್ತು ಬೆಳಿಗ್ಗೆ ನಮ್ಮ ಅಮೀರ್‌ಪೇಟ್ ಮನೆಯಲ್ಲಿ ಜಗಳಕ್ಕೆ ತಿರುಗಿತು. ಹೆಂಡತಿಗೆ ಶುಚಿಯಾದ ಬಾತ್‌ರೂಮ್ ಬೇಕು. ನನಗೆ ಪಕ್ಕದಲ್ಲೇ ನೀರು ಬೇಕು. ಗರಿ ಸುತ್ತಿದ ಗಾಳವನ್ನು ನೊಣದ ಹಾಗೆ ನೀರಿನ ಮೇಲೆ ಬೀಸಿ ಮೀನು ಹಿಡಿಯುವುದು ನನ್ನ ಹುಚ್ಚು. ನಮ್ಮದು ಬೀದರಿನ ಶಾಕಾಹಾರಿ ಮನೆತನ. ಹಾಗಾಗಿ ಈವರೆಗೆ ಒಬ್ಬನೇ ಹೋಗುತ್ತಿದ್ದೆ.

ಕೊನೆಗೆ ವಿಕಾರಾಬಾದ್ ಕಡೆಯ ಒಂದು ಜಾಗಕ್ಕೆ ಇಬ್ಬರೂ ಒಪ್ಪಿದೆವು. "ಅಲ್ಲಿ ಹಿಡಿದ ಮೀನನ್ನ ವಾಪಸ್ ನೀರಿಗೆ ಬಿಡಬೇಕಂತರಿ, ಅತ್ತಿ," ಎಂದು ಹೆಂಡತಿ ಅವ್ವನಿಗೆ ಸಮಾಧಾನ ಹೇಳಿದಳು.

ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ತಿನ್ನಂಗಿಲ್ಲ, ಮಾರಂಗಿಲ್ಲ. ಮತ್ತ ಅದರ ಬಾಯಿ ಯಾಕ ಹರೀತಿಯೋ, ಖೋಡಿ?"

"ನೀ ಬ್ಯಾಡಂದ್ರ ಬ್ಯಾರೆ ಜಾಗ ನೋಡ್ತೀನಿ," ಎಂದೆ.

"ಬ್ಯಾಡಂದ್ರ ಮತ್ತ ಕಳ್ಳರಂಗ ಒಬ್ಬನ ಹೋಗ್ತಿ. ಅದನ್ನ ಬುಕ್ ಮಾಡು. ನಾನೂ ದಂಡಿಮ್ಯಾಲ ಕುಂದರ್ತೀನಿ. ಹಿಡಿದದ್ದು ಬಿಡ್ತಿಯೋ ಇಲ್ಲೋ ನೋಡಬೇಕಲ್ಲ."

ಬುಕ್ ಮಾಡಿದೆ. ನೀರಿನ ದಂಡೆಯಲ್ಲಿ ನನ್ನ ಪಕ್ಕ ಕೂರುತ್ತೇನೆಂದು ಮನೆಯಲ್ಲಿ ಯಾರಾದರೂ ಹೇಳಿದ್ದು ಇದೇ ಮೊದಲು. ಅವ್ವ ಬರುತ್ತಿರುವುದು ಮೀನಿನ ಪರವಾಗಿ, ನಿಜ. ಆದರೂ ಕೂರುವುದು ನನ್ನ ಪಕ್ಕದಲ್ಲೇ ತಾನೇ.